ತಪ್ಪುಕಾಣಿಕೆಯ ಕೇಕು

ಸೋಮವಾರ, ಫೆಬ್ರವರಿ 3

ಮನೆಯಲ್ಲಿ ಬೈಯುವುದಕ್ಕೆ ಯಾರೂ ಇಲ್ಲ. ಆಫೀಸಿನಲ್ಲಿ ಬೈದರೆ ಪ್ರೆಬೆನ್ ಎದ್ದು ಬಂದು ಬಾಗಿಲು ಮುಚ್ಚುತ್ತಾನೆ. ಅದಕ್ಕೆ ಇಲ್ಲಿ ಬೈಯುತ್ತಿದ್ದೇನೆ.

ಇವತ್ತೂ ಲೆಕ್ಕ ಕೂಡಿಬರಲಿಲ್ಲ. ದ್ವೀಪಕ್ಕೆ ಹೋಗುವ ಹೊಸ ಬ್ಯಾಟರಿ ಹಡಗಿಗೆ ಕಟ್ಟೆಯ ಮೇಲೆ ಒಂದು ಚಾರ್ಜರ್ ಬೇಕು. ಆ ಚಾರ್ಜರಿನ ಹೊಟ್ಟೆಯಲ್ಲಿ, ಕರೆಂಟನ್ನು ಬ್ಯಾಟರಿಗೆ ಒಗ್ಗಿಸುವ ಕನ್ವರ್ಟರನ್ನು ಮೊದಲು ಕಂಪ್ಯೂಟರಿನಲ್ಲಿ ಓಡಿಸಿ, ಚಳಿಗಾಲದ ಬಿರುಗಾಳಿಯಲ್ಲಿ ದ್ವೀಪದ ಕರೆಂಟು ಕುಸಿದರೂ ಇದು ಸುಡುವುದಿಲ್ಲ ಎಂದು ತೋರಿಸಬೇಕು. ತೋರಿಸುವುದಿರಲಿ, ಓಡುವುದೇ ಇಲ್ಲ. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪು ಸಾಲು: ಕಾಲದ ಹೆಜ್ಜೆ ತೀರಾ ಚಿಕ್ಕದಾಯಿತು, ಲೆಕ್ಕ ನಿಲ್ಲಿಸಲಾಗಿದೆ.

ರಿಗ್ಮೋರ್ ಇದನ್ನು ಒಂದು ಸಲ ಚೆನ್ನಾಗಿ ಹೇಳಿದ್ದಳು. ಸಿಮ್ಯುಲೇಶನ್ ಎಂದರೆ ಕತ್ತಲೆಯಲ್ಲಿ ಮೆಟ್ಟಿಲು ಹತ್ತುವವನ ಹಾಗೆ. ಕಾಲದಲ್ಲಿ ಒಂದು ಪುಟ್ಟ ಹೆಜ್ಜೆ ಇಟ್ಟು ಅಲ್ಲಿ ಎಷ್ಟು ವೋಲ್ಟೇಜು ಇರಬಹುದೆಂದು ಊಹಿಸುತ್ತದೆ, ಊಹೆಯನ್ನು ತಿದ್ದುತ್ತದೆ, ಮತ್ತೆ ತಿದ್ದುತ್ತದೆ. ಎರಡೂ ಒಂದಾದರೆ ಮುಂದಿನ ಮೆಟ್ಟಿಲು. ಆಗದಿದ್ದರೆ ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡು ಮತ್ತೆ ಯತ್ನ. ಹೀಗೆ ಚಿಕ್ಕದು ಮಾಡಿಕೊಳ್ಳುತ್ತಾ ಮಾಡಿಕೊಳ್ಳುತ್ತಾ ಕೊನೆಗೆ ನಿಂತಲ್ಲೇ ನಿಲ್ಲುತ್ತದೆ.

ಆಗ ನಾನು ಕೇಳಿಸಿಕೊಂಡಿರಲಿಲ್ಲ. ಸಿಮ್ಯುಲೇಶನ್ ಅವಳ ಕೆಲಸ, ಕಂಟ್ರೋಲ್ ಪ್ರೋಗ್ರಾಮು ನನ್ನ ಕೆಲಸ. ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಕೂತು ಹಾಗೇ ನಡೆದಿತ್ತು. ಸೆಪ್ಟೆಂಬರಿನಲ್ಲಿ ಅವಳಿಗೆ ಲಕ್ವ ಹೊಡೆಯಿತು. ಮಾಡೆಲ್ ನನ್ನ ಕೊರಳಿಗೆ ಬಿತ್ತು.

"ಅಸ್ಗರ್, ಯಾವಾಗ ಮುಗಿಯುತ್ತೆ ಮಾರಾಯ?" ಎಂದು ಪ್ರೆಬೆನ್ ಕೇಳಿದ.

"ಅದು ಓಡಿದ ದಿನ."

"ಓಡೋದ್ಯಾವಾಗ?"

"ಮುಗಿಯೋ ದಿನ."

ನಮ್ಮ ಹನ್ನೆರಡು ಜನರ ಕಂಪನಿಗೆ ಅವನು ಯಜಮಾನ. ತಲೆ ಕೆರೆದುಕೊಂಡು ಹೋದ. ಒಳ್ಳೆಯವನೇ. ರಾತ್ರಿಯ ಊಟಕ್ಕೆ ನಿನ್ನೆಯ ಆಲೂಗಡ್ಡೆ.

ಬುಧವಾರ, ಫೆಬ್ರವರಿ 5

ಇವತ್ತು ರಿಗ್ಮೋರ್ ಬರುವ ದಿನ. ಬುಧವಾರ ಮತ್ತು ಶುಕ್ರವಾರ, ಎರಡೆರಡು ಗಂಟೆ. ವೈದ್ಯರು ಅಷ್ಟಕ್ಕೆ ಮಾತ್ರ ಒಪ್ಪಿದ್ದಾರೆ. ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಲೆಕ್ಕ ತಲೆಯಲ್ಲಿದೆ, ಪದ ಮಾತ್ರ ಬಾಯಿಗೆ ಬರುವುದಿಲ್ಲ. ಬಲಗೈ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಈ ಕಟ್ಟಡದಲ್ಲೇ ಚುರುಕು ನಾಲಗೆ ಅವಳದಾಗಿತ್ತು. ನನ್ನನ್ನು ಆತುರಗಾರ ಎಂದು ಕರೆಯುತ್ತಿದ್ದಳು, ಅದೂ ಎಲ್ಲರ ಮುಂದೆ.

"ಆ... ಕಿಟ..." ಎಂದಳು.

"ಕಿಟಕಿ ತೆಗೀಲಾ?"

ತೆಗೆದೆ. ಜಲಸಂಧಿಯ ಕಡೆಯಿಂದ ಗಾಳಿ ನುಗ್ಗಿ ಮೇಜಿನ ಮೇಲಿನ ಕಾಗದವೆಲ್ಲ ನೆಲಕ್ಕೆ ಹೋಯಿತು. ಅವಳಿಗೆ ಬೇಕಾಗಿದ್ದುದು ಕಿಟಕಿಯ ಪಕ್ಕದ ಕುರ್ಚಿ. ಬೆಳಕು ಅಲ್ಲಿದೆ. ಅವಳ ಮಾತು ಮುಗಿಯುವ ತನಕ ಕಾಯುವುದೆಂದರೆ ನನಗೆ ಬಸ್ಸು ತಪ್ಪಿದಷ್ಟು ಸಂಕಟ.

ಮಾರ್ಚ್ ಇಪ್ಪತ್ನಾಲ್ಕಕ್ಕೆ ನಗರಸಭೆಯವರು ಅವಳ ವಿಷಯ ತೀರ್ಮಾನಿಸುತ್ತಾರಂತೆ. ಕಡಿಮೆ ಗಂಟೆಯ ಕೆಲಸವೋ, ಇಲ್ಲ ಐವತ್ತೆಂಟಕ್ಕೇ ಪೆನ್ಷನ್ನೋ. ಅವಳಿಂದ ಏನೇನು ಆಗುತ್ತದೆ ಎಂದು ಪ್ರೆಬೆನ್ ಬರೆದುಕೊಡಬೇಕು. ಅವಳಿಗೆ ಕೆಲಸ ಬೇಕು. ಅದನ್ನು ಹೇಳಲು ಪದ ಬೇಕಾಗಿರಲಿಲ್ಲ, ಮುಖ ನೋಡಿದರೆ ಸಾಕು. ಆದರೆ ಪ್ರೆಬೆನ್ ಏನು ಬರೆದಾನು? ಕೆಟ್ಟರೆ ನಷ್ಟವಾಗುವಂಥ ಕೆಲಸ ಯಾವುದನ್ನೂ ನಾವು ಅವಳಿಗೆ ಕೊಡುವುದಿಲ್ಲ. ಜನವರಿಯಲ್ಲಿ ಹೊಸ ಮಾಡೆಲಿನ ಸರ್ಕ್ಯೂಟಿನಲ್ಲಿ ಹಡಗಿಗೆ ಸೇರುವ ಭಾಗವನ್ನು, ಅಂದರೆ ಹಡಗಿನ ಬದಿಯನ್ನಷ್ಟೇ ಬಿಡಿಸು ಎಂದಿದ್ದೆ. ಬಿಡಿಸಿಕೊಟ್ಟಳು. ಥ್ಯಾಂಕ್ಸ್ ಹೇಳಿ ತೆಗೆದಿಟ್ಟುಕೊಂಡೆ.

ಶುಕ್ರವಾರ, ಫೆಬ್ರವರಿ 7

ಶುಕ್ರವಾರದ ಕೇಕು. ಈ ವಾರದ ತಪ್ಪು ಲ್ಯಾಬಿನ ಟೊರ್ಬೆನ್ನದು. ಫ್ಯಾನನ್ನು ತಿರುವುಮುರುವಾಗಿ ಕೂರಿಸಿ ಬಿಸಿಗಾಳಿಯನ್ನೆಲ್ಲ ಪೆಟ್ಟಿಗೆಯೊಳಕ್ಕೇ ಊದಿಸಿದ್ದಾನೆ. ನಮ್ಮಲ್ಲಿ ತಪ್ಪು ಮಾಡಿದವರು ತಪ್ಪುಕಾಣಿಕೆಯಾಗಿ ಕೇಕು ತರಬೇಕು. ಅಂಗಡಿಯದು ನಡೆಯುವುದಿಲ್ಲ, ಕೈಯಾರೆ ಮಾಡಿರಬೇಕು. ತುಂಡು ಮಾಡುವ ಮೊದಲು ಎದ್ದು ನಿಂತು ಏನು ಮಾಡಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದ ಮೇಲೆ ಆ ತಪ್ಪಿನ ಮಾತು ಅಲ್ಲಿಗೆ ಮುಗಿಯಿತು. ಟೊರ್ಬೆನ್ ಸೇಬಿನ ಕೇಕು ತಂದಿದ್ದ, ಫ್ಯಾನಿಗಿಂತ ಚೆನ್ನಾಗಿ ಕೂತಿತ್ತು.

ಬೆಳಿಗ್ಗೆ ರಿಗ್ಮೋರ್ ತಪ್ಪಿ ಹಡಗಿನ ನಕ್ಷೆಗಳನ್ನು ಗಡಿಯಾಚೆಯ ಕ್ರೇನ್ ಕಂಪನಿಯವರಿಗೆ ಕಳಿಸಿಬಿಟ್ಟಿದ್ದಳು. ಅವರು ಇದೇನೆಂದು ಕೇಳಿ ವಾಪಸ್ ಬರೆದರು. ಕೇಕು ತಿನ್ನುವಾಗ ಅವಳೇ ಆ ಮಾತೆತ್ತಲು ನೋಡಿದಳು. "ನಾನು... ಕ್ರೇನ್..." ಎನ್ನುವಷ್ಟರಲ್ಲಿ ಪ್ರೆಬೆನ್ ಕೈಯಾಡಿಸಿದ.

"ಅದೆಲ್ಲ ಲೆಕ್ಕಕ್ಕಿಲ್ಲ ಬಿಡು ರಿಗ್ಮೋರ್. ನೀನು ಬಂದಿದ್ದೇ ನಮ್ಗೆ ಖುಷಿ."

ಎಲ್ಲರೂ ಹೌದು ಹೌದು ಎಂದೆವು. ಅವಳು ಕೇಕನ್ನು ಅರ್ಧಕ್ಕೇ ಬಿಟ್ಟಳು. ಸ್ವಲ್ಪ ಒಣಗಿತ್ತು, ಅದಕ್ಕಿರಬೇಕು.

ಮಂಗಳವಾರ, ಫೆಬ್ರವರಿ 11

ಊಹೆಗೂ ತಿದ್ದುಪಡಿಗೂ ನಡುವೆ ಎಷ್ಟು ವ್ಯತ್ಯಾಸವನ್ನು ಸಹಿಸಬೇಕು ಎಂಬುದಕ್ಕೆ ಒಂದು ಮಿತಿ ಇದೆ. ಸಿಟ್ಟು ಬಂದು ಆ ಮಿತಿಯನ್ನು ಸಡಿಲಿಸಿದೆ. ಅರೆಬರೆ ಓಡಿತು. ಆದರೆ ಕನ್ವರ್ಟರಿಗೆ ಹಾಕಿದ್ದಕ್ಕಿಂತ ಹೆಚ್ಚು ಕರೆಂಟು ಈಚೆ ಬಂತು. ಹೀಗಾದರೆ ನಾಳೆಯಿಂದ ಗಾಳಿಯಂತ್ರಗಳನ್ನೆಲ್ಲ ಕಿತ್ತುಹಾಕಬಹುದು. ಆ ದಾರಿ ಬಿಟ್ಟು ಕನ್ವರ್ಟರಿನೊಳಗಿನ ಸ್ವಿಚ್ಚುಗಳಿಗೆಲ್ಲ ಚೂರು ಚೂರು ರೆಸಿಸ್ಟೆನ್ಸ್ ಸೇರಿಸಿದೆ. ನಿಜವಾದ ಸ್ವಿಚ್ಚು ಯಾವುದೂ ಅಷ್ಟು ಶುದ್ಧವಾಗಿರುವುದಿಲ್ಲ. ಅದೂ ಫಲ ಕೊಡಲಿಲ್ಲ. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಯಿತು. ಮಂಡಿ ನೋವು.

ಬುಧವಾರ, ಫೆಬ್ರವರಿ 19

ನಾಚಿಕೆ ಬಿಟ್ಟು ರಿಗ್ಮೋರಳನ್ನೇ ಕೇಳಿದೆ. ಮೊದಲೇ ಕೇಳಬಹುದಿತ್ತು. ಆದರೆ ಅವಳಿಗೆ ಆಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

ಕುರ್ಚಿಯನ್ನು ಕಿಟಕಿಯ ಬಳಿ ಹಾಕಿಟ್ಟಿದ್ದೆ. ಪರದೆ ತೋರಿಸಿದೆ. ಕೆಂಪು ಸಾಲು ಬಂದ ಕೂಡಲೆ ಹಳೆಯ ನೆಂಟರನ್ನು ಕಂಡ ಹಾಗೆ ಮುಖ ಅರಳಿಸಿದಳು. ಎಡಗೈಯಲ್ಲಿ ಪೆನ್ಸಿಲು ಹಿಡಿದು ಒಂದು ಗೋಡೆಯಂಥ ನೆಟ್ಟಗಿನ ಗೆರೆ ಎಳೆದು ಅದರ ಮೇಲೆ ಕಾಟು ಹಾಕಿದಳು. ಪಕ್ಕದಲ್ಲಿ ಒಂದು ಏರುಗೆರೆ ಎಳೆದಳು.

"ಮೆ... ಮೆಲ್ಲ..."

"ಮೆಲ್ಲಗೆ. ವೋಲ್ಟೇಜನ್ನು ಒಂದೇ ಏಟಿಗೆ ಕೊಡಬಾರದು, ಮೆಲ್ಲಗೆ ಏರಿಸ್ಬೇಕು. ಅಲ್ವಾ?"

ಹೌದೆಂದಳು, ಆದರೆ ಖುಷಿಯಿಂದಲ್ಲ. ಮಾತನ್ನು ನಾನು ಕಿತ್ತುಕೊಂಡಿದ್ದೆ.

ಏರಿಸಿ ನೋಡಿದೆ. ಮುಂಚೆಗಿಂತ ಬಹಳ ದೂರ ಓಡಿ ಆಮೇಲೆ ಬಿತ್ತು. ಬಿದ್ದರೂ ಬೀಳುವ ಮೊದಲು ನಡೆದಿದೆ, ಅಷ್ಟಾದರೂ ಆಯಿತು. ಅವಳ ಲೋಟಕ್ಕೆ ಅರ್ಧ ಮಾತ್ರ ಕಾಫಿ ಹಾಕಿದರೆ ಚೆಲ್ಲುವುದಿಲ್ಲ, ಎರಡು ಸಲ ಹಾಕಿದರಾಯಿತು.

ಶುಕ್ರವಾರ, ಫೆಬ್ರವರಿ 28

ಬೇಕರಿಗಳಲ್ಲಿ ಕ್ರೀಮ್ ತುಂಬಿದ ಹಬ್ಬದ ಬನ್ನು ಬಂದಿದೆ. ಅವಳಿಗೆ ಇಷ್ಟವೆಂದು ನೆನಪಿತ್ತು, ಎರಡು ತಂದೆ. ಮಾಡೆಲ್ ಮತ್ತೆ ಬಿದ್ದಿತ್ತು. ಅವಳು ಪರದೆಯನ್ನೇ ನೋಡುತ್ತಾ ಕೂತು, "ಅರ್ಧ" ಎಂದಳು.

ಬನ್ನನ್ನು ಅರ್ಧ ಕತ್ತರಿಸಿಕೊಟ್ಟೆ.

ನನ್ನನ್ನು ನೋಡಿದಳು, ಬನ್ನನ್ನು ನೋಡಿದಳು, ಆ ಅರ್ಧವನ್ನು ತಿಂದು ಮುಗಿಸಿದಳು. ಕ್ರೀಮ್ ಒರೆಸಿಕೊಂಡು ಪರದೆಯ ಮೇಲೆ ಬೆರಳಿಟ್ಟು ಸರ್ಕ್ಯೂಟಿನ ನಟ್ಟನಡುವೆ ಗೆರೆ ಎಳೆದಳು. "ಅರ್ಧ. ಓಡ್ಸು."

ಆಗ ತಲೆಗೆ ಹೋಯಿತು. ಅರ್ಧ ಸರ್ಕ್ಯೂಟನ್ನು ತೆಗೆದಿಟ್ಟು ಉಳಿದರ್ಧವನ್ನು ಓಡಿಸಬೇಕು. ಓಡಿದರೆ ರೋಗ ತೆಗೆದಿಟ್ಟ ಕಡೆಗಿದೆ. ಅದನ್ನು ಮತ್ತೆ ಅರ್ಧ. ಇಷ್ಟು ದಿನ ನಾನು ಇಡೀ ಸರ್ಕ್ಯೂಟಿಗೆ ಒಟ್ಟಿಗೇ ಔಷಧ ಕುಡಿಸುತ್ತಿದ್ದೆ.

ಆ ಹೊತ್ತಿಗೆ ಅವಳ ಟ್ಯಾಕ್ಸಿ ಬಂತು. ಎರಡು ಗಂಟೆ ಎಂದರೆ ಏನೂ ಅಲ್ಲ.

ಮಂಗಳವಾರ, ಮಾರ್ಚ್ 4

ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ಅರ್ಧ ಅರ್ಧ ಮಾಡುತ್ತಾ ಬಂದೆ. ಕರೆಂಟು ಕಂಪನಿಯ ಬದಿ ಓಡಿತು. ನಡುವಿನ ಟ್ರಾನ್ಸ್‌ಫಾರ್ಮರ್ ಓಡಿತು. ಹಡಗಿನ ಬದಿ ಸೇರಿಸಿದ ಕೂಡಲೆ ಬಿತ್ತು. ಟ್ರಾನ್ಸ್‌ಫಾರ್ಮರಿನ ಆಚೆಗೆ ತಂತಿಯ ಸಂಬಂಧ ಇರುವುದಿಲ್ಲ, ಹಡಗಿನ ಬದಿ ಒಂಟಿ. ಅದನ್ನು ಒಂದು ಭಾರಿ ರೆಸಿಸ್ಟರಿನ ಮೂಲಕ ನೆಲಕ್ಕೆ ಕಟ್ಟಿರಬೇಕು, ಮನೆಗಳಲ್ಲಿ ಅರ್ಥಿಂಗ್ ಕೊಡುವ ಹಾಗೆ. ಅದರಲ್ಲಿ ಕರೆಂಟು ಹರಿಯುವುದೇ ಇಲ್ಲ ಎನ್ನಬಹುದು, ಆದರೂ ಅದು ಬೇಕು. ಇಲ್ಲದಿದ್ದರೆ ಆ ಬದಿಗೆ ಹತ್ತು ವೋಲ್ಟೂ ಸರಿ, ಹತ್ತು ಲಕ್ಷ ವೋಲ್ಟೂ ಸರಿ. ಏನಾದರೂ ಸರಿ ಎಂದಾದರೆ ಲೆಕ್ಕ ಎಲ್ಲಿ ನಿಲ್ಲಬೇಕು?

ಆ ರೆಸಿಸ್ಟರ್ ಇರಲಿಲ್ಲ. ಹಡಗಿನ ಬದಿ ಬಿಡಿಸಿದವಳು ರಿಗ್ಮೋರ್. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಮರೆಯದ್ದನ್ನು ಈ ಸಲ ಮರೆತಿದ್ದಾಳೆ, ಅದೂ ವಾಪಸ್ ಬಂದ ಮೇಲೆ ನಾವು ಕೊಟ್ಟ ಒಂದೇ ಒಂದು ನಿಜವಾದ ಕೆಲಸದಲ್ಲಿ. ನಾವು ತಿಂಗಳಿಡೀ ಗೋಳಾಡಿದ್ದು ಅದಕ್ಕೇ ಎಂದು ಗೊತ್ತಾದರೆ ಪ್ರೆಬೆನ್ ನಗರಸಭೆಯ ಪತ್ರದಲ್ಲಿ ಏನು ಬರೆಯುತ್ತಾನೆ?

ರೆಸಿಸ್ಟರ್ ಹಾಕಿದೆ. ಕೊನೆಯ ತನಕ ಓಡಿತು. ಕರೆಂಟು ಕುಸಿದದ್ದೂ ಎದ್ದದ್ದೂ ಎಲ್ಲ ನುಣ್ಣಗೆ ಬಂತು. ಗೆದ್ದೆ ಎನಿಸಲಿಲ್ಲ.

ತಪ್ಪು ನನ್ನದೇ ಎಂದು ಪ್ರೆಬೆನ್ನಿಗೆ ಹೇಳಿದೆ. "ಹಾಗಾದ್ರೆ ಶುಕ್ರವಾರ ಕೇಕು" ಎಂದ. ಮುಂದಿನ ವಾರದ ಕೊನೆಗೆ ಹಡಗಿನವರಿಗೆ ಫಲಿತಾಂಶ ಕಳಿಸೋಣ ಎಂದೂ ಹೇಳಿದ.

ಶುಕ್ರವಾರ, ಮಾರ್ಚ್ 7

ಕನಸಿನ ಕೇಕು ಎನ್ನುತ್ತಾರಲ್ಲ, ಅದನ್ನು ಮಾಡಿದ್ದೆ, ಮೇಲೆ ತೆಂಗಿನತುರಿಯ ಕಂದು ಪದರ ಇರುವಂಥದ್ದು. ಎದ್ದು ನಿಂತು ಹೇಳಿದೆ: "ಹಡಗಿನ ಬದಿಯನ್ನು ನೆಲಕ್ಕೆ ಕಟ್ಟೋದನ್ನ ನಾನು ಮರೆತೆ." ಎಲ್ಲರೂ ಓ ಎಂದರು.

"ಇಷ್ಟು ವರ್ಷ ರಿಗ್ಮೋರ್ ಪಕ್ಕದಲ್ಲಿ ಕೂತು ನೀನು ಕಲ್ತಿದ್ದು ಇಷ್ಟೇನಾ?" ಎಂದು ಟೊರ್ಬೆನ್ ಕಾಲೆಳೆದ.

ರಿಗ್ಮೋರ್ ನನ್ನನ್ನೇ ನೋಡುತ್ತಿದ್ದಳು. ಹಡಗಿನ ಬದಿ ಯಾರು ಬಿಡಿಸಿದ್ದೆಂದು ಅವಳಿಗೆ ಗೊತ್ತಿಲ್ಲವೇ? ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವಳ ಮಾತು ಹೋಗಿದೆ ಎಂದು ನೆನಪೂ ಹೋಗಿದೆ ಎಂದುಕೊಂಡೆನೋ ಏನೋ, ನನ್ನ ಬುದ್ಧಿಗೆ ಮಣ್ಣು ಬೀಳಲಿ.

ಅವಳು ಕೇಕು ಮುಟ್ಟಲಿಲ್ಲ. ಟ್ಯಾಕ್ಸಿಗೆ ಅರ್ಧ ಗಂಟೆ ಇರುವಾಗಲೇ ಕೋಟು ಹಾಕಿಕೊಂಡು ಹೋಗಿ ಹೊರಗೆ ಮಳೆಯಲ್ಲಿ ನಿಂತಳು. ಕೊಡೆ ಹಿಡಿದುಕೊಂಡು ಹೋದೆ. ಪಕ್ಕಕ್ಕೆ ಸರಿದು ನಿಂತಳು. ನಾನೂ ಸರಿದೆ, ಅವಳು ಮತ್ತೆ ಸರಿದಳು. ಒಳಗಿನಿಂದ ನೋಡಿದವರು ನಗಾಡಿರಬೇಕು.

ಭಾನುವಾರ, ಮಾರ್ಚ್ 9

ಏನೂ ಮಾಡಲಿಲ್ಲ. ಕೇಕು ಉಳಿದಿದೆ.

ಬುಧವಾರ, ಮಾರ್ಚ್ 12

ಬರುವುದಿಲ್ಲವೇನೋ ಎಂದು ಹೆದರಿದ್ದೆ. ಬಂದಳು. ಆದರೆ ಕಿಟಕಿಯ ಕುರ್ಚಿಗೆ ಬರದೆ ತನ್ನ ಹಳೆಯ ಮೇಜಿನ ಹಿಂದೆ ಕತ್ತಲಲ್ಲಿ ಕೂತಳು. ಕಾಫಿ ತೆಗೆದುಕೊಂಡು ಹೋದೆ.

"ಅದು ನಂದು" ಎಂದಳು.

ಲೋಟವನ್ನು ಮುಂದೆ ಸರಿಸಿದೆ. ಅದಲ್ಲವೆಂದು ತಲೆಯಾಡಿಸಿದಳು.

"ತ... ತಪ್ಪು. ನಂದು."

"ನೋಡು ರಿಗ್ಮೋರ್, ಇಪ್ಪತ್ನಾಲ್ಕಕ್ಕೆ ನಿನ್ನ ಮೀಟಿಂಗ್ ಇದೆ. ಪ್ರೆಬೆನ್ ಇನ್ನೂ ಪತ್ರ ಬರೆದಿಲ್ಲ. ಇಂಥ ಹೊತ್ತಲ್ಲಿ ಸುಮ್ನೆ ಯಾಕೆ..."

"ವಾಪಸ್ ಕೊಡು."

ಇದು ಮಾತ್ರ ತಡವರಿಸದೆ ಬಂತು. ಅವಳು ಮುಂದುವರಿಸಿದಳು, ಮುಖ ಕೆಂಪಾಗಿತ್ತು.

"ನಾ ಏನ್ ಮಾಡಿದ್ರೂ... ಸರಿ. ಕ್ರೇನ್... ಸರಿ. ಎಲ್ಲಾ ಸರಿ. ಎಲ್ಲಾ ಸರಿ ಅಂದ್ರೆ..."

ಅಲ್ಲಿ ನಿಂತಿತು. ನನ್ನ ನಾಲಗೆಯ ತುದಿಯಲ್ಲಿ ನಾಲ್ಕೈದು ಪದ ಸಾಲುಗಟ್ಟಿ ನಿಂತಿದ್ದವು. ನುಂಗಿಕೊಂಡೆ. ಹೊರಗೆ ಯಾರೋ ಪ್ರಿಂಟರಿಗೆ ಕಾಗದ ತುಂಬಿದರು, ಮುಚ್ಚಿದರು. ಅವಳು ಪೆನ್ಸಿಲು ತೆಗೆದುಕೊಂಡು ಹಡಗಿನ ಬದಿಯನ್ನು ಬಿಡಿಸಿದಳು. ಎರಡು ತಂತಿ, ಎಲ್ಲಿಗೂ ಕಟ್ಟದ್ದು. ಅದರ ಮೇಲೆ ಬೆರಳಿಟ್ಟಳು, ಆಮೇಲೆ ಅದೇ ಬೆರಳನ್ನು ತನ್ನ ಎದೆಯ ಮೇಲಿಟ್ಟಳು.

ನನಗೆ ಅಳು ಬಂತು. ಬಂದದ್ದನ್ನು ಬಂತೆಂದು ಬರೆಯುತ್ತೇನೆ, ಇಲ್ಲಿ ಯಾರು ನೋಡುತ್ತಾರೆ. ಟೊರ್ಬೆನ್ನಿಗೆ ಫ್ಯಾನಿನ ತಪ್ಪಿಗೆ ಕೇಕು, ನನಗೆ ಹೇಳಿದ ಸುಳ್ಳಿಗೂ ಕೇಕು, ಇವಳೊಬ್ಬಳಿಗೆ ಮಾತ್ರ ಸೆಪ್ಟೆಂಬರಿನಿಂದ ಬರೀ ಪರವಾಗಿಲ್ಲ, ಪರವಾಗಿಲ್ಲ. ಸತ್ತವರ ತಪ್ಪನ್ನು ಮಾತ್ರ ನಾವು ಹೀಗೆ ಬಿಟ್ಟುಬಿಡುತ್ತೇವೆ.

ಮಾಡೆಲಿನಿಂದ ರೆಸಿಸ್ಟರನ್ನು ತೆಗೆದುಹಾಕಿದೆ. ಅದು ಮತ್ತೆ ಕೆಟ್ಟಿತು. ಕೆಟ್ಟ ಮಾಡೆಲನ್ನು ಅವಳ ಕಂಪ್ಯೂಟರಿಗೆ ಕಳಿಸಿ, "ತಗೋ, ನಿಂದು. ನೀನೇ ಹುಡ್ಕು" ಎಂದೆ.

ಅವಳು ಎದ್ದು ಬಂದು ಕಿಟಕಿಯ ಕುರ್ಚಿಯಲ್ಲಿ ಕೂತಳು.

ಶುಕ್ರವಾರ, ಮಾರ್ಚ್ 14

ಇವತ್ತು ಬರೆಯಲು ಬಹಳ ಇದೆ.

ರಿಗ್ಮೋರ್ ಎಡಗೈಯಲ್ಲಿ ಮೌಸ್ ಹಿಡಿದು ಸರ್ಕ್ಯೂಟನ್ನು ಅರ್ಧ ಮಾಡಿದಳು, ಓಡಿಸಿದಳು, ಮತ್ತೆ ಅರ್ಧ ಮಾಡಿದಳು. ನಾನು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದೆ. ಮೌಸ್ ತಪ್ಪು ಕಡೆ ಹೋದಾಗಲೂ ಸುಮ್ಮನಿದ್ದೆ, ಅದು ತಾನೇ ವಾಪಸ್ ಬರುತ್ತಿತ್ತು. ಹಡಗಿನ ಬದಿಗೆ ಬಂದಾಗ ನಿಂತು, ತನ್ನ ಹಣೆಗೆ ತಾನೇ ಒಂದು ಏಟು ಕೊಟ್ಟುಕೊಂಡು ರೆಸಿಸ್ಟರ್ ಹಾಕಿದಳು. ಓಡಿತು.

ನಾನು ಎದ್ದೆ. ಅವಳು ನನ್ನ ತೋಳು ಹಿಡಿದು ಕೂರಿಸಿದಳು.

"ಹಾಕಿದ್ದು" ಎಂದಳು. ಆಮೇಲೆ "ಬಂದಿದ್ದು" ಎಂದಳು.

ಇದು ಅವಳ ಹಳೆಯ ಅಭ್ಯಾಸ. ಓಡಿದ ಮಾತ್ರಕ್ಕೆ ಅವಳು ನಂಬುವುದಿಲ್ಲ. ಕನ್ವರ್ಟರಿಗೆ ಎಷ್ಟು ಹಾಕಿದೆವು, ಎಷ್ಟು ಬಂತು, ಎಷ್ಟು ಬಿಸಿಯಾಗಿ ಹೋಯಿತು ಎಂದು ಕೂಡಿ ನೋಡುತ್ತಾಳೆ. ನಾನು ನೋಡಿರಲಿಲ್ಲ, ನುಣ್ಣಗಿದ್ದದ್ದಕ್ಕೇ ಮರುಳಾಗಿದ್ದೆ. ಕೂಡಿದಳು. ಚೂರು ಹೆಚ್ಚು ಬಂದಿತ್ತು.

ಅವಳು ಸೆಟ್ಟಿಂಗ್ ತೆರೆದು ಒಂದೊಂದಾಗಿ ಕೆಳಗಿಳಿದಳು. ಸಹನೆಯ ಮಿತಿಯ ಮೇಲೆ ಬಂದು ನಿಂತಳು. ಫೆಬ್ರವರಿಯಲ್ಲಿ ಸಿಟ್ಟಿನಿಂದ ಸಡಿಲಿಸಿದ್ದೆನಲ್ಲ, ಅದು ಹಾಗೇ ಇತ್ತು. ಬಿಗಿ ಮಾಡುವುದನ್ನು ನಾನು ಮರೆತೇಬಿಟ್ಟಿದ್ದೆ. ಅವಳು ಬಿಗಿ ಮಾಡಿ ಮತ್ತೆ ಓಡಿಸಿದಳು. ದ್ವೀಪದ ಕರೆಂಟು ಕುಸಿದು ಏಳುವ ಜಾಗದಲ್ಲಿ, ನನ್ನ ನುಣ್ಣನೆಯ ಗೆರೆಯಲ್ಲಿ ಇಲ್ಲದ ಒಂದು ಚೂಪು ಮುಳ್ಳು ಎದ್ದಿತು. ಸ್ವಿಚ್ಚುಗಳು ತಡೆಯಲಾರದಷ್ಟು ಕರೆಂಟು. ನನ್ನ ಫಲಿತಾಂಶವನ್ನು ನಂಬಿ ಚಾರ್ಜರ್ ಕಟ್ಟಿದ್ದರೆ ಮೊದಲ ಬಿರುಗಾಳಿಗೇ ಸುಟ್ಟು, ಹಡಗು ಆಚೆ ದಡದಲ್ಲಿ ಉಳಿಯುತ್ತಿತ್ತು.

ಅವಳು ನನ್ನ ಕಡೆ ತಿರುಗಿದಳು. "ಆ... ಆತು..." ಎಂದಳು.

ಕಾದೆ.

"ಆತುರಗಾರ."

ನಕ್ಕಳು. ಸೆಪ್ಟೆಂಬರಿನಿಂದ ಈಚೆಗೆ ಅವಳು ನಕ್ಕಿದ್ದು ಇದೇ ಮೊದಲು. ತನ್ನನ್ನು ತೋರಿಸಿ "ಕೇಕು" ಎಂದಳು, ನನ್ನನ್ನು ತೋರಿಸಿ "ಕೇಕು" ಎಂದಳು.

ಇಬ್ಬರೂ ಪ್ರೆಬೆನ್ ಕೋಣೆಗೆ ಹೋದೆವು. ನಾನು ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳನ್ನೂ. ಅವನು ಕನ್ನಡಕ ತೆಗೆದಿಟ್ಟ.

"ಪತ್ರ ಬರೆದಾಗಿದೆ ಮಾರಾಯ. ಒಳ್ಳೇದೇ ಬರೆದಿದ್ದೀನಿ. ಈಗ ಯಾಕೆ ಇದನ್ನೆಲ್ಲ ಕೆದಕ್ತೀರಿ?"

ಓದಲು ಕೊಟ್ಟ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ರಿಗ್ಮೋರ್ ಎಲ್ಲರಿಗೂ ಪ್ರಿಯಳು, ಅವಳ ಇರುವಿಕೆಯಿಂದ ಕಂಪನಿಗೆ ಸಂತೋಷ. ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಇದನ್ನು ಓದಿದ ಯಾರಾದರೂ ಆ ಮಧ್ಯಾಹ್ನವೇ ಪೆನ್ಷನ್ ಕೊಟ್ಟು ಹೂಗುಚ್ಛ ಕಳಿಸುತ್ತಾರೆ.

"ಹರಿದಾಕು" ಎಂದೆ.

"ಹರಿದು ಏನಂತ ಬರೀಲಿ? ತಪ್ಪು ಮಾಡಿದ್ಲು ಅಂತ ಬರೀಲಾ? ಅವರಿಗೆ ಅಷ್ಟೇ ಸಾಕು."

ರಿಗ್ಮೋರ್ ಮೇಜಿನ ಮೇಲೆ ಎಡಗೈ ಇಟ್ಟಳು. "ಶುಕ್ರವಾರ" ಎಂದಳು. "ಕೇಳು. ಆಮೇಲೆ... ಬರಿ."

ಬುಧವಾರ, ಮಾರ್ಚ್ 19

ಅವಳು ಹೇಳಬೇಕಾದ ವಾಕ್ಯವನ್ನು ಅಭ್ಯಾಸ ಮಾಡೋಣವೇ ಎಂದು ಕೇಳಿದೆ. ಬೇಡವೆಂದಳು. ಮುಳ್ಳನ್ನು ತೆಗೆಯಲು ಕಂಟ್ರೋಲ್ ಪ್ರೋಗ್ರಾಮಿನಲ್ಲಿ ಬದಲಾವಣೆ ಮಾಡುತ್ತಿದ್ದೇನೆ. ಅದು ನನ್ನ ಕೆಲಸ, ಅವಳು ನೋಡುತ್ತಾ ಕೂತಿದ್ದಳು. ಅವಳಿಗೆ ಬೇಗ ದಣಿವಾಗುತ್ತದೆ, ದಣಿವಾದರೆ ಬಲಗಣ್ಣು ಸ್ವಲ್ಪ ಮುಚ್ಚುತ್ತದೆ. ಶುಕ್ರವಾರ ಹಾಗಾಗದಿರಲಿ.

ಶುಕ್ರವಾರ, ಮಾರ್ಚ್ 21

ಮೇಜಿನ ಮೇಲೆ ಎರಡು ಕೇಕು. ನನ್ನದು ನಡುವೆ ಕುಸಿದ ನಿಂಬೆ ಕೇಕು. ಅವಳದು ಫ್ಯೂನ್ ದ್ವೀಪದ ಕಡೆಯದು, ಅವಳ ಅಮ್ಮನ ಊರಿನದು. ಬ್ರೆಡ್ಡಿನ ಹಿಟ್ಟನ್ನು ತಟ್ಟೆಯಲ್ಲಿ ಹರಡಿ, ಬೆರಳಿನಿಂದ ಗುಳಿ ಮಾಡಿ, ಬೆಣ್ಣೆ ಮತ್ತು ಕಂದು ಸಕ್ಕರೆ ಸುರಿದು ಬೇಯಿಸಿದ್ದು.

ನಾನು ಮೊದಲು ಎದ್ದು ನಿಂತೆ. "ಮಿತಿ ಸಡಿಲಿಸಿದೆ, ಬಿಗಿ ಮಾಡೋದು ಮರೆತೆ. ಹೋದ ಸಲ ತಂದ ಕೇಕು ಸುಳ್ಳಿನ ಕೇಕು, ಅವತ್ತು ಹೇಳಿದ ತಪ್ಪು ನಾನು ಮಾಡಿದ್ದಲ್ಲ. ತಿಂದವರು ಕ್ಷಮಿಸಿ." ಎಲ್ಲರೂ ರಿಗ್ಮೋರ್ ಕಡೆ ನೋಡಿದರು. ಅವಳು ಮೇಜು ಹಿಡಿದು ಎದ್ದಳು.

"ನಾನು..."

ಎಲ್ಲರೂ ಕಾದರು. ಕಾಫಿ ಯಂತ್ರ ಗೊರಗೊರ ಎಂದು ಮುಗಿಸಿತು.

"ನಾನು ಹಡಗಿನ... ಬದಿನ..."

ಪ್ರೆಬೆನ್ ಬಾಯಿ ತೆರೆದ. ಮೇಜಿನ ಕೆಳಗೆ ಅವನ ಪಾದ ತುಳಿದೆ. ಬಾಯಿ ಮುಚ್ಚಿದ.

"ನೆ..."

ಈ ಪದ ಬರಲೇ ಇಲ್ಲ. ಅವಳ ತುಟಿ ಅದರ ಆಕಾರ ಮಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಬಲಗಣ್ಣು ಮುಚ್ಚತೊಡಗಿತು. ಕೂತುಬಿಡುತ್ತಾಳೆ ಎಂದುಕೊಂಡೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಯಾರೂ ಕದಲಲಿಲ್ಲ, ಯಾರೂ ಪದ ಕೊಡಲಿಲ್ಲ.

"ನೆಲಕ್ಕೆ ಕಟ್ಟೋದು ಮರೆತೆ" ಎಂದಳು, ಒಂದೇ ಉಸಿರಿಗೆ. "ಹುಡುಕಿದ್ದೂ ನಾನೇ. ಅಸ್ಗರ್‌ದೂ... ನಾನೇ."

ಟೊರ್ಬೆನ್ ಅವಳ ಕೇಕಿನ ಮುಂದೆ ಬಗ್ಗಿ ಪರೀಕ್ಷಿಸಿದ. ಈ ವಿಷಯದಲ್ಲಿ ಅವನು ನ್ಯಾಯಾಧೀಶ.

"ಅಂಗಡೀದಾ, ಮನೇದಾ?"

ರಿಗ್ಮೋರ್ ಎಡಗೈ ಎತ್ತಿ ತೋರಿಸಿದಳು. ಹೆಬ್ಬೆರಳಿನ ಬುಡದಲ್ಲಿ ಓವನ್ ಸುಟ್ಟ ಗುರುತಿತ್ತು. "ಇದೊಂದ್ರಲ್ಲೇ" ಎಂದಳು.

ಟೊರ್ಬೆನ್ ಒಂದು ತುಂಡು ತಿಂದು ನಿಧಾನವಾಗಿ ಅಗಿದ. "ಅಂಚು ಸೀದಿದೆ" ಎಂದ. "ಸಕ್ಕರೆನೂ ಒಂದೇ ಕಡೆ ಹೋಗಿದೆ. ಮುಂದಿನ ಸಲ ಸರಿಯಾಗಿ ಮಾಡ್ಕೊಂಡು ಬಾ."

ಅವಳ ಮುಖ ನೋಡಬೇಕಿತ್ತು. ಆರು ತಿಂಗಳಿನಿಂದ ನಾವೆಲ್ಲ ಎಷ್ಟು ಹೊಗಳಿದೆವು, ಹೂವು ಕೊಟ್ಟೆವು, ಬೆನ್ನು ತಟ್ಟಿದೆವು, ಅವಳ ಮುಖ ಹೀಗೆ ಅರಳಿದ್ದನ್ನು ನಾನು ಕಾಣಲಿಲ್ಲ.

ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಪ್ರೆಬೆನ್ ಕುಂಟುತ್ತಾ ಬಂದ. "ಏನಂತ ಬರೀಲಿ?"

"ತಪ್ಪು ಮಾಡ್ತಾಳೆ, ಹುಡುಕ್ತಾಳೆ, ನಮ್ಮದನ್ನೂ ಹುಡುಕ್ತಾಳೆ, ಮಾತಿಗೆ ಹೊತ್ತು ಬೇಕು, ಕಾಯೋಕೆ ನಾವು ರೆಡಿ. ಹಾಗಂತ ಬರಿ."

ಬರೆದ. ನನ್ನ ಕೇಕನ್ನು ಯಾರೂ ಮುಗಿಸಲಿಲ್ಲ. ಅವಳದರಲ್ಲಿ ಸೀದ ಅಂಚಷ್ಟೇ ಉಳಿದಿತ್ತು, ಮನೆಗೆ ತಂದು ತಿಂದೆ.

ಸೋಮವಾರ, ಮಾರ್ಚ್ 24

ಕೆಲಸ ಸಿಕ್ಕಿತು. ವಾರಕ್ಕೆ ಹತ್ತು ಗಂಟೆ, ಮುಂದೆ ನೋಡಿ ಹೆಚ್ಚಿಸಬಹುದಂತೆ. ನಗರಸಭೆಯ ಹೆಂಗಸು ಪತ್ರವನ್ನು ಎರಡು ಸಲ ಓದಿದಳಂತೆ, ಒಬ್ಬರ ತಪ್ಪನ್ನು ಇಷ್ಟು ಹೆಮ್ಮೆಯಿಂದ ಬರೆದ ಪತ್ರವನ್ನು ಈವರೆಗೆ ನೋಡಿಲ್ಲ ಎಂದಳಂತೆ. ಪ್ರೆಬೆನ್ ಫೋನಿನಲ್ಲಿ ಹೇಳಿದ್ದು.

ಸಂಜೆ ನಗರಸಭೆಯ ಮೆಟ್ಟಿಲ ಬಳಿ ಹೋಗಿ ನಿಂತಿದ್ದೆ. ಆ ಕಡೆ ಬೇರೆ ಕೆಲಸವೂ ಇತ್ತು. ಇಬ್ಬರೂ ಸೇತುವೆಯ ತನಕ ನಡೆದೆವು. ಅವಳ ನಡಿಗೆ ನಿಧಾನ, ಆದರೆ ಗಾಳಿ ಬೆನ್ನಿಗಿತ್ತು, ದಾರಿ ಬೇಗ ಮುಗಿಯಿತು. ಬಸ್ಸು ಬಂದಾಗ ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಅಸ್ಗರ್. ಭಾನುವಾರ..."

ಕಾದೆ. ಡ್ರೈವರೂ ಕಾದ, ಒಳ್ಳೆಯ ಮನುಷ್ಯ. ಅವಳು ತಲೆಯಾಡಿಸಿ ನಕ್ಕು ಒಳಗೆ ಹೋದಳು, ಬಸ್ಸು ಹೊರಟಿತು.

ಮುಂದಿನ ಪದ ಯಾವುದಿರಬಹುದೆಂದು ನನಗೆ ಊಹೆಯಿದೆ. ಬರೆಯುವುದಿಲ್ಲ, ಅದು ಅವಳದು. ಬುಧವಾರ ಬರುತ್ತಾಳೆ. ಆಗ ಬಂದರೆ ಆಗ, ಇಲ್ಲದಿದ್ದರೆ ಶುಕ್ರವಾರ. ಭಾನುವಾರ ಎಲ್ಲಿಗೂ ಹೋಗುವುದಿಲ್ಲ.